ಮುಳ್ಳು ಹೇಳಿದ ಸುಳ್ಳು



ಅಂಗಡಿಯ ತಕ್ಕಡಿಗೆ ಮುಳ್ಳು ಇದೆ. ಗಡಿಯಾರಕ್ಕೂ ಮುಳ್ಳು ಇದೆ. ಗಾಡಿಯಲ್ಲೂ ಒಂದು ಮುಳ್ಳು ಇದೆ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ತಕ್ಕಡಿಯ ಮುಳ್ಳು ಸುಳ್ಳು ಹೇಳಿದರೆ ನಮಗೆ ನಷ್ಟ. ಗಾಡಿಯ ಮುಳ್ಳು ಸುಳ್ಳು ಹೇಳಿದರೆ? ಒಬ್ಬ ಮನುಷ್ಯನ ಮಾನವೇ ಹೋಗಬಹುದು. ಹೇಗೆ ಅಂತೀರಾ? ಈ ಪಾಠ ಓದಿ.

ಸಂಘದ ಟೆಂಪೊ

ಕೋಲಾರದ ಕಡೆ ಒಂದು ಹಳ್ಳಿ. ಅಲ್ಲಿ ಹೆಂಗಸರ ಸಂಘ ಇದೆ. ಸಂಘದಲ್ಲಿ 15 ಮಂದಿ ಇದ್ದಾರೆ. ಎಲ್ಲರೂ ಟೊಮೆಟೊ ಬೆಳೆಯುವವರು. ಮೊದಲು ಬಾಡಿಗೆ ಗಾಡಿಯಲ್ಲಿ ಮಾರ್ಕೆಟ್ಟಿಗೆ ಕಳಿಸುತ್ತಿದ್ದರು. ಬಂದ ಹಣದಲ್ಲಿ ಬಾಡಿಗೆಗೇ ಬಹಳ ಹೋಗುತ್ತಿತ್ತು. ಆಮೇಲೆ ಉಳಿತಾಯದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿದರು. ಒಂದು ಹಳೆಯ ಡೀಸೆಲ್ ಟೆಂಪೊ ಕೊಂಡರು.

ಗಾಡಿ ಓಡಿಸುವವನು ವೆಂಕಟೇಶ. ಅದೇ ಊರಿನ ಹುಡುಗ. ಸಂಘದ ಅಧ್ಯಕ್ಷೆ ಲಕ್ಷ್ಮಕ್ಕ. ಗಾಡಿಯ ಲೆಕ್ಕ ಬರೆಯುವವಳು ನಾಗರತ್ನ. ಅವಳು ಶಾಲೆಗೆ ಹೋದವಳಲ್ಲ. ಸಾಕ್ಷರತಾ ಕೇಂದ್ರದಲ್ಲಿ ಓದು ಬರಹ ಕಲಿತವಳು. ಅಕ್ಷರ ದಪ್ಪ ದಪ್ಪ. ಆದರೆ ಲೆಕ್ಕ ತಪ್ಪುವುದಿಲ್ಲ.

ಸೋಮವಾರ ಬೆಳಗ್ಗೆ ಟ್ಯಾಂಕ್ ಪೂರ್ತಿ ತುಂಬಿಸಿದರು. ಸೋಮವಾರ, ಬುಧವಾರ, ಶುಕ್ರವಾರ ಗಾಡಿ ಮಾರ್ಕೆಟ್ಟಿಗೆ ಹೋಗಿ ಬಂತು. ಶನಿವಾರ ಮುನಿಯಮ್ಮ ಗಾಡಿಯೊಳಗೆ ಇಣುಕಿ ನೋಡಿದಳು. ಮುಳ್ಳು ಕೆಳಗೆ ಮಲಗಿತ್ತು. ಟ್ಯಾಂಕ್ ಖಾಲಿ ಎಂದು ತೋರಿಸುತ್ತಿತ್ತು!

ಮುನಿಯಮ್ಮ ಓಡಿ ಬಂದಳು.

“ಲಕ್ಷ್ಮಕ್ಕಾ, ಸೋಮವಾರ ತಾನೇ ಫುಲ್ ಟ್ಯಾಂಕ್ ಹಾಕ್ಸಿದ್ವಿ. ಇವತ್ತು ನೋಡಿದ್ರೆ ಖಾಲಿ. ಆ ಹುಡುಗ ಡೀಸೆಲ್ ತೆಗೆದು ಮಾರ್ಕೋತಿದ್ದಾನೆ!”

ಸುದ್ದಿ ಊರೆಲ್ಲಾ ಹರಡಿತು. ವೆಂಕಟೇಶನ ತಾಯಿ ನೀರಿಗೆ ಬಂದರೆ ಹೆಂಗಸರು ಮಾತು ನಿಲ್ಲಿಸಿ ಮುಖ ತಿರುಗಿಸಿದರು.

ಸಭೆಯಲ್ಲಿ

ಸಂಜೆ ಸಂಘದ ಸಭೆ ಸೇರಿತು. ವೆಂಕಟೇಶ ತಲೆ ತಗ್ಗಿಸಿ ನಿಂತಿದ್ದ.

“ಲಕ್ಷ್ಮಕ್ಕಾ, ದೇವರಾಣೆಗೂ ನಾನು ಒಂದು ತೊಟ್ಟೂ ಮುಟ್ಟಿಲ್ಲ. ಮುಳ್ಳು ಯಾಕೆ ಬಿತ್ತೋ ನಂಗೂ ಗೊತ್ತಿಲ್ಲ” ಎಂದ.

“ಕಳ್ಳ ಯಾವತ್ತಾದ್ರೂ ಒಪ್ಕೊಂಡಿದ್ದಾನಾ? ನಾಳೆಯಿಂದ ಅವನು ಬರೋದು ಬೇಡ” ಎಂದಳು ಮುನಿಯಮ್ಮ. ನಾಲ್ಕು ಜನ “ಹೌದು, ಹೌದು” ಎಂದರು.

ನಾಗರತ್ನ ಎದ್ದು ನಿಂತಳು. ಕೈಯಲ್ಲಿ ಲೆಕ್ಕದ ಪುಸ್ತಕ ಇತ್ತು.

“ಒಂದು ನಿಮಿಷ ಇರಿ. ಮುಳ್ಳಿನ ಮಾತು ಕೇಳಿದ್ವಿ. ಪುಸ್ತಕದ ಮಾತನ್ನೂ ಕೇಳೋಣ” ಎಂದಳು. ಪುಸ್ತಕ ತೆರೆದು ಓದಿದಳು.

ಸೋಮವಾರ ಬೆಳಗ್ಗೆ ಕಿಲೋಮೀಟರ್ ಮೀಟರು: 48210
ಶುಕ್ರವಾರ ಸಂಜೆ ಕಿಲೋಮೀಟರ್ ಮೀಟರು: 48390
ಓಡಿದ ದೂರ: 48390 – 48210 = 180 ಕಿ.ಮೀ.

“ಹೋಗಿ ಬರೋದಕ್ಕೆ 60 ಕಿಲೋಮೀಟರ್. ಮೂರು ಸಲ ಅಂದ್ರೆ 180. ಸರಿ ಇದೆ. ಹೋದ ತಿಂಗಳ ಲೆಕ್ಕದಲ್ಲಿ 20 ಲೀಟರ್ ಡೀಸೆಲ್‌ಗೆ ಗಾಡಿ 240 ಕಿಲೋಮೀಟರ್ ಓಡಿದೆ. ಅಂದ್ರೆ ಲೀಟರಿಗೆ 12.”

ಆಮೇಲೆ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಳು.

ಖರ್ಚಾದ ಡೀಸೆಲ್: 180 ÷ 12 = 15 ಲೀಟರ್
ಟ್ಯಾಂಕ್ ಹಿಡಿಯುವುದು: 40 ಲೀಟರ್
ಉಳಿದಿರಬೇಕಾದದ್ದು: 40 – 15 = 25 ಲೀಟರ್

“ಮುಳ್ಳು ಖಾಲಿ ಅಂತಿದೆ. ಪುಸ್ತಕ 25 ಲೀಟರ್ ಇದೆ ಅಂತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ನಾಳೆ ಬಂಕಿಗೆ ಹೋಗಿ ಮತ್ತೆ ಫುಲ್ ಮಾಡಿಸೋಣ. ಡೀಸೆಲ್ ಕಳುವಾಗಿದ್ರೆ ಟ್ಯಾಂಕ್ 40 ಲೀಟರ್ ಹಿಡಿಯುತ್ತೆ. ಕಳುವಾಗಿಲ್ಲ ಅಂದ್ರೆ 15 ಲೀಟರಿಗೇ ತುಂಬಿಹೋಗುತ್ತೆ.”

ಲಕ್ಷ್ಮಕ್ಕ ತಲೆದೂಗಿದಳು. “ನಾಳೆ ನಾವೇ ಕಣ್ಣಾರೆ ನೋಡೋಣ. ಅಲ್ಲೀತನಕ ಯಾರೂ ಬಾಯಿ ಬಿಡಬೇಡಿ” ಎಂದಳು.

ಬಂಕಿನಲ್ಲಿ

ಭಾನುವಾರ ಲಕ್ಷ್ಮಕ್ಕ, ಮುನಿಯಮ್ಮ, ನಾಗರತ್ನ ಮೂವರೂ ಗಾಡಿ ಹತ್ತಿದರು. ಹಿಂದೆ ತುಂಬಿಸಿದ ಬಂಕಿಗೇ ಹೋದರು. ಗಾಡಿಯನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿದರು. ಪಂಪಿನ ಮೀಟರು ಸೊನ್ನೆ ಇದೆಯೇ ಎಂದು ಮೊದಲು ನೋಡಿದರು. ಡೀಸೆಲ್ ಹಾಕಲು ಹೇಳಿದರು.

ಅಂಕಿ ಏರುತ್ತಾ ಹೋಯಿತು. 5... 10... 13... 15. ಹದಿನೈದೂವರೆಗೆ ಟ್ಯಾಂಕಿನ ಬಾಯಿ ತುಂಬಿತು. ಅಲ್ಲಿಗೆ ನಿಂತಿತು.

ಮುನಿಯಮ್ಮ ಏನೂ ಮಾತಾಡಲಿಲ್ಲ. ವೆಂಕಟೇಶ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ.

“ಅರ್ಧ ಲೀಟರ್ ಜಾಸ್ತಿ ಆಯ್ತಲ್ಲಾ?” ಎಂದು ಲಕ್ಷ್ಮಕ್ಕ ಕೇಳಿದಳು.

“ಬಂಕಿನ ತನಕ ಬಂದದ್ದು ಲೆಕ್ಕಕ್ಕೆ ಸೇರಿಲ್ಲ ಅಕ್ಕಾ. ಭಾರ ಜಾಸ್ತಿ ಇದ್ರೂ, ದಾರಿ ಕೆಟ್ಟಿದ್ರೂ ಅಷ್ಟು ಇಷ್ಟು ಹೆಚ್ಚು ಕಡಿಮೆ ಆಗುತ್ತೆ” ಎಂದಳು ನಾಗರತ್ನ.

ಈಗ ಟ್ಯಾಂಕ್ ತುಂಬಿದೆ. ಆದರೂ ಮುಳ್ಳು ಕೆಳಗೇ ಮಲಗಿತ್ತು. ಕಳ್ಳ ಯಾರು ಎಂದು ಎಲ್ಲರಿಗೂ ಗೊತ್ತಾಯಿತು. ಕಳ್ಳ ಆ ಮುಳ್ಳೇ!

ಮುಳ್ಳು ಹೇಗೆ ಕೆಲಸ ಮಾಡುತ್ತದೆ?

ಸೋಮವಾರ ಗಾಡಿಯನ್ನು ಮೆಕ್ಯಾನಿಕ್ ಬಾಷಣ್ಣನ ಹತ್ತಿರ ಒಯ್ದರು. ನಾಗರತ್ನ, ಮುನಿಯಮ್ಮ ಇಬ್ಬರೂ ಜೊತೆಗೆ ಹೋದರು.

“ಬಾಷಣ್ಣಾ, ಸುಮ್ನೆ ರಿಪೇರಿ ಮಾಡಿಕೊಡಬೇಡಿ. ಏನಾಗಿದೆ ಅಂತ ನಮಗೂ ಹೇಳಿ” ಎಂದಳು ನಾಗರತ್ನ.

“ಬನ್ನಿ ತಾಯಿ, ನೋಡಿ” ಎಂದು ಬಾಷಣ್ಣ ಮುಳ್ಳಿನ ಡಬ್ಬಿ ತೋರಿಸಿದ. ಅದರ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇದ್ದವು.

“ಇದು ಮೂರು ಹಲ್ಲಿನ ಬಾಚಣಿಗೆ ತರ ಇದೆಯಲ್ಲಾ, ಇದು ‘ಇ’. ಎಂಪ್ಟಿ, ಅಂದ್ರೆ ಖಾಲಿ. ಅದೇ ಬಾಚಣಿಗೆಯ ಕೆಳಗಿನ ಹಲ್ಲು ಮುರಿದಿದ್ರೆ ಅದು ‘ಎಫ್’. ಫುಲ್, ಅಂದ್ರೆ ತುಂಬಿದೆ.”

“ಮುಳ್ಳಿಗೆ ಡೀಸೆಲ್ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದಳು ಮುನಿಯಮ್ಮ.

“ಬಾವೀಲಿ ಈಜು ಕಲಿಯೋವಾಗ ಸೋರೆ ಬುರುಡೆ ಕಟ್ಕೋತಾರಲ್ಲಾ, ಹಾಗೇ ಟ್ಯಾಂಕಿನೊಳಗೆ ಒಂದು ಸಣ್ಣ ಬುರುಡೆ ಇದೆ. ಅದಕ್ಕೆ ಫ್ಲೋಟ್ ಅಂತೀವಿ. ಅದು ಡೀಸೆಲ್ ಮೇಲೆ ತೇಲುತ್ತೆ. ಡೀಸೆಲ್ ಇಳಿದ್ರೆ ಬುರುಡೆ ಇಳಿಯುತ್ತೆ. ಡೀಸೆಲ್ ಏರಿದ್ರೆ ಬುರುಡೆ ಏರುತ್ತೆ. ಬುರುಡೆಗೆ ಒಂದು ಕಡ್ಡಿ ಇದೆ. ಕಡ್ಡಿಯ ಇನ್ನೊಂದು ತುದಿ ಸಣ್ಣ ತಂತಿ ಸುರುಳಿ ಮೇಲೆ ಜಾರುತ್ತೆ. ನಲ್ಲಿ ತಿರುಗಿಸಿದ್ರೆ ನೀರು ಹೆಚ್ಚು ಕಡಿಮೆ ಆಗುತ್ತಲ್ಲಾ, ಹಾಗೆ ಕರೆಂಟು ಹೆಚ್ಚು ಕಡಿಮೆ ಆಗುತ್ತೆ. ಆ ಕರೆಂಟಿಗೆ ತಕ್ಕ ಹಾಗೆ ಮುಳ್ಳು ಆಡುತ್ತೆ.”

ಬುರುಡೆ, ಕಡ್ಡಿ, ಸುರುಳಿ ಎಲ್ಲಾ ಸೇರಿದ ಈ ಸಾಮಾನಿಗೆ ಟ್ಯಾಂಕ್ ಯೂನಿಟ್ ಎನ್ನುತ್ತಾರೆ. ಯೂನಿಟ್ಟಿನಿಂದ ಮುಳ್ಳಿನ ಡಬ್ಬಿಗೆ ಒಂದು ತಂತಿ ಹೋಗುತ್ತದೆ. ಕರೆಂಟು ಬ್ಯಾಟರಿಗೆ ಹಿಂದಿರುಗಿ ಹೋಗಲು ಗಾಡಿಯ ಕಬ್ಬಿಣದ ಮೈಯೇ ದಾರಿ. ಈ ದಾರಿಗೆ ಅರ್ತ್ ಎನ್ನುತ್ತಾರೆ. ತಂತಿ ಕಡಿದರೂ ಮುಳ್ಳು ಕೆಡುತ್ತದೆ. ಅರ್ತ್ ಜಾಗದಲ್ಲಿ ತುಕ್ಕು ಹಿಡಿದರೂ ಮುಳ್ಳು ಕೆಡುತ್ತದೆ.

ಬಾಷಣ್ಣ ನೋಡಿದ ಕ್ರಮ

ಬಾಷಣ್ಣ ಒಮ್ಮೆಗೇ ಟ್ಯಾಂಕ್ ಬಿಚ್ಚಲಿಲ್ಲ. ಸುಲಭವಾದದ್ದನ್ನು ಮೊದಲು ನೋಡಿದ. ಕಷ್ಟವಾದದ್ದನ್ನು ಕೊನೆಗೆ ನೋಡಿದ.

1. ಫ್ಯೂಸು: ಕೀ ತಿರುಗಿಸಿದ. ಪಕ್ಕದ ಬೇರೆ ಮುಳ್ಳುಗಳು ಸರಿಯಾಗಿ ಆಡುತ್ತಿದ್ದವು. “ಎಲ್ಲಾ ಮುಳ್ಳೂ ಒಟ್ಟಿಗೆ ಕೆಟ್ಟಿದ್ರೆ ಫ್ಯೂಸು ಹೋಗಿರುತ್ತೆ. ಇಲ್ಲಾ ಅವಕ್ಕೆ ಬರೋ ಕರೆಂಟೇ ಸರಿ ಇರಲ್ಲ. ಇಲ್ಲಿ ಹಾಗಿಲ್ಲ” ಎಂದ.

2. ಮುಳ್ಳಿನ ಡಬ್ಬಿ: ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿದ. ಯೂನಿಟ್ಟಿನ ತಂತಿ ಬಿಚ್ಚಿದ. ಅದಕ್ಕೆ ಒಂದು ಉದ್ದ ತಂತಿ ಜೋಡಿಸಿದ. ಟ್ಯಾಂಕಿನಿಂದ ದೂರ ತಂದು, ಕೀ ಆನ್ ಮಾಡಿ, ತಂತಿಯ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ‘ಎಫ್’ ಕಡೆಗೆ ಏಳತೊಡಗಿತು. ತಕ್ಷಣ ತಂತಿ ತೆಗೆದ. ಮುಳ್ಳು ಮತ್ತೆ ‘ಇ’ಗೆ ಇಳಿಯಿತು.

“ಮುಳ್ಳೂ ಸರಿ ಇದೆ, ತಂತೀನೂ ಸರಿ ಇದೆ. ಮುಳ್ಳು ಅಲ್ಲಾಡದೇ ಇದ್ದಿದ್ರೆ ಡಬ್ಬಿನೋ ತಂತಿನೋ ಕೆಟ್ಟಿದೆ ಅಂತ ಅರ್ಥ. ತುಂಬಾ ಹೊತ್ತು ಮುಟ್ಟಿಸಿ ಇಡಬಾರದು. ಒಳಗೆ ಸುಟ್ಟುಹೋಗಬಹುದು. ಕೆಲವು ಗಾಡೀಲಿ ಇದು ಉಲ್ಟಾ. ಮುಟ್ಟಿಸಿದ್ರೆ ಮುಳ್ಳು ‘ಇ’ಗೆ ಹೋಗುತ್ತೆ. ಯಾವ ಕಡೆ ಹೋದ್ರೂ ಚಿಂತೆ ಇಲ್ಲ. ಅಲ್ಲಾಡುತ್ತಾ ಇಲ್ವಾ ಅಂತ ನೋಡಬೇಕು” ಎಂದ.

3. ಅರ್ತ್: ಬಿಚ್ಚಿದ ತಂತಿಯನ್ನು ಮತ್ತೆ ಹಾಕಿದ. ಕೀ ಆಫ್ ಮಾಡಿ, ಯೂನಿಟ್ಟಿನ ಮೈಯಿಂದ ಗಾಡಿಯ ಶುದ್ಧವಾದ ಕಬ್ಬಿಣಕ್ಕೆ ಬೇರೊಂದು ತಂತಿ ಕಟ್ಟಿದ. ಆಮೇಲೆ ಕೀ ಆನ್ ಮಾಡಿದ. ಮುಳ್ಳು ಏಳಲಿಲ್ಲ. “ಎದ್ದಿದ್ರೆ ತುಕ್ಕು ಉಜ್ಜಿ, ಬೋಲ್ಟ್ ಬಿಗಿ ಮಾಡಿದ್ರೆ ಸಾಕಿತ್ತು. ಖರ್ಚೇ ಇರ್ತಿರಲಿಲ್ಲ. ಈಗ ಯೂನಿಟ್ ಬಿಚ್ಚಲೇಬೇಕು” ಎಂದ.

4. ಟ್ಯಾಂಕ್ ಯೂನಿಟ್: ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಟ್ಯಾಂಕ್ ತುಂಬಿದ್ದರಿಂದ ಕೈಪಂಪಿನಲ್ಲಿ ಸ್ವಲ್ಪ ಡೀಸೆಲ್ ತೆಗೆದು ಶುದ್ಧವಾದ ಕ್ಯಾನಿಗೆ ತುಂಬಿದ. ಯೂನಿಟ್ಟಿನ ಸುತ್ತಲಿನ ಮಣ್ಣು ಒರೆಸಿದ. ಸ್ಕ್ರೂ ತೆಗೆದು ಯೂನಿಟ್ಟನ್ನು ಮೆಲ್ಲಗೆ ಎತ್ತಿದ.

ಬುರುಡೆಯನ್ನು ಒರೆಸಿ ಮುನಿಯಮ್ಮನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಗುಳುಗುಳು ಸದ್ದು!

“ಬುರುಡೆ ತೂತು ಬಿದ್ದಿದೆ. ಒಳಗೆ ಡೀಸೆಲ್ ತುಂಬ್ಕೊಂಡಿದೆ. ತೂತು ಬಿದ್ದ ಸೋರೆ ಬುರುಡೆ ಕಟ್ಕೊಂಡ್ರೆ ಈಜಕ್ಕಾಗುತ್ತಾ? ಮುಳುಗಿಹೋಗುತ್ತೆ. ಇದೂ ಮುಳುಗಿ ತಳ ಸೇರಿದೆ. ಅದಕ್ಕೇ ಟ್ಯಾಂಕ್ ತುಂಬಿದ್ರೂ ಮುಳ್ಳು ಖಾಲಿ ಅಂತಿದೆ.”

ನಾಗರತ್ನ ಪುಸ್ತಕದ ಹಿಂದಿನ ಹಾಳೆ ತಿರುವಿದಳು. ಅಲ್ಲಿ ಅವಳೇ ಬರೆದಿದ್ದಳು: “ಸೋಮವಾರ. ಟ್ಯಾಂಕ್ ಫುಲ್. ಮುಳ್ಳು ಮುಕ್ಕಾಲು ಮಾತ್ರ ಎದ್ದಿದೆ.”

“ನೋಡಿದ್ರಾ? ಹೋದ ವಾರವೇ ಬುರುಡೆ ತೂಕ ಆಗೋಕೆ ಶುರುವಾಗಿತ್ತು. ನಿಮ್ಮ ಪುಸ್ತಕ ಆಗಲೇ ಹೇಳಿತ್ತು” ಎಂದ ಬಾಷಣ್ಣ.

ತೂತನ್ನು ಬೆಸುಗೆ ಹಾಕಿ ಮುಚ್ಚಬಾರದೇ ಎಂದು ಮುನಿಯಮ್ಮ ಕೇಳಿದಳು. “ಬೇಡ ತಾಯಿ. ಒಳಗೆ ಎಣ್ಣೆ, ಆವಿ ಇರುತ್ತೆ. ಬಿಸಿ ತಾಗಿದ್ರೆ ಸಿಡಿಯಬಹುದು. ಹೊಸದು ಹಾಕೋದೇ ಒಳ್ಳೇದು” ಎಂದ. ಅದೇ ಗಾಡಿಗೆ ಹೊಂದುವ ಹೊಸ ಯೂನಿಟ್ ತರಿಸಿದ. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿ ಮೀಟರಿನಲ್ಲಿ ಪರೀಕ್ಷೆ ಮಾಡಿದ. ಅರ್ತ್ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಿದ. ಹೊಸ ಪ್ಯಾಕಿಂಗ್ ಇಟ್ಟು ಯೂನಿಟ್ ಕೂರಿಸಿದ. ಡೀಸೆಲ್ ಸೋರುವುದಿಲ್ಲ ಎಂದು ನೋಡಿಕೊಂಡ. ತೆಗೆದಿಟ್ಟ ಡೀಸೆಲ್ ಮತ್ತೆ ಹಾಕಿದ. ಬ್ಯಾಟರಿ ತಂತಿ ಜೋಡಿಸಿದ.

ಕೀ ತಿರುಗಿಸಿದ. ಮುಳ್ಳು ‘ಎಫ್’ಗೆ ಎದ್ದು ನಿಂತಿತು.

ಉಲ್ಟಾ ಸುಳ್ಳು ಇನ್ನೂ ಕೆಟ್ಟದ್ದು

ಈ ಮುಳ್ಳು ತುಂಬಿದ ಟ್ಯಾಂಕನ್ನು ಖಾಲಿ ಎಂದಿತು. ಕೆಲವು ಸಲ ಖಾಲಿ ಟ್ಯಾಂಕನ್ನು ತುಂಬಿದೆ ಎನ್ನುತ್ತದೆ. ಆಗ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಮಾರ್ಕೆಟ್ಟಿನ ಹೊತ್ತು ಮೀರುತ್ತದೆ. ಬೆಲೆ ಬೀಳುತ್ತದೆ. ಹೆರಿಗೆಗೆ ಹೊರಟ ಗಾಡಿ ಹಾಗೆ ನಿಂತರೆ ಗತಿ ಏನು?

ಡೀಸೆಲ್ ಗಾಡಿಗೆ ಇನ್ನೊಂದು ತೊಂದರೆ ಇದೆ. ಡೀಸೆಲ್ ಪೂರ್ತಿ ಮುಗಿದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಮತ್ತೆ ಡೀಸೆಲ್ ಹಾಕಿದರೂ ಹಳೆಯ ಗಾಡಿ ಕೂಡಲೇ ಸ್ಟಾರ್ಟ್ ಆಗುವುದಿಲ್ಲ. ಕೈಪಂಪು ಒತ್ತಿ ಗಾಳಿ ತೆಗೆಯಬೇಕು. ಆದ್ದರಿಂದ ಮುಳ್ಳಿನ ಮೇಲೆ ಅನುಮಾನ ಬಂದರೆ ಲೆಕ್ಕ ಹಾಕಿ, ಕಾಲು ಟ್ಯಾಂಕ್ ಇರುವಾಗಲೇ ತುಂಬಿಸಿ.

ಮುಳ್ಳಿನ ಕಾಯಿಲೆಗಳು

ಯಾವಾಗಲೂ ಖಾಲಿ ತೋರಿಸಿದರೆ: ಬುರುಡೆ ಮುಳುಗಿರಬಹುದು. ತಂತಿ ಕಡಿದಿರಬಹುದು. ಅರ್ತ್ ತುಕ್ಕು ಹಿಡಿದಿರಬಹುದು.
ಯಾವಾಗಲೂ ಫುಲ್ ತೋರಿಸಿದರೆ: ತಂತಿಯ ಸಿಪ್ಪೆ ಸುಲಿದು ಗಾಡಿಯ ಕಬ್ಬಿಣಕ್ಕೆ ತಾಗುತ್ತಿರಬಹುದು.
ಒಂದೇ ಕಡೆ ನಿಂತುಬಿಟ್ಟರೆ: ಬುರುಡೆಯ ಕಡ್ಡಿ ಬಗ್ಗಿರಬಹುದು ಅಥವಾ ಸಿಕ್ಕಿಕೊಂಡಿರಬಹುದು.
ಎದ್ದು ಬಿದ್ದು ಕುಣಿದರೆ: ಸುರುಳಿ ಸವೆದಿರಬಹುದು. ಜೋಡಣೆ ಸಡಿಲವಾಗಿರಬಹುದು.
ಎಲ್ಲಾ ಮುಳ್ಳೂ ಒಟ್ಟಿಗೆ ಕೆಟ್ಟರೆ: ಫ್ಯೂಸು ನೋಡಿ.

ಉಬ್ಬು ತಗ್ಗಿನ ದಾರಿಯಲ್ಲಿ ಮುಳ್ಳು ಸ್ವಲ್ಪ ಆಡುವುದು ಸಹಜ. ಅದು ಕಾಯಿಲೆ ಅಲ್ಲ. ಗಾಡಿಯನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ ನೋಡಬೇಕು.

ಎಚ್ಚರಿಕೆ!

* ಟ್ಯಾಂಕಿನ ಹತ್ತಿರ ಬೀಡಿ, ಬೆಂಕಿಕಡ್ಡಿ, ದೀಪ ಬೇಡ. ಪೆಟ್ರೋಲ್ ಗಾಡಿಯಾದರೆ ಇನ್ನೂ ಅಪಾಯ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಅಂಥ ಟ್ಯಾಂಕನ್ನು ಮೆಕ್ಯಾನಿಕ್ಕೇ ಬಿಚ್ಚಲಿ.
* ಬಯಲಿನಲ್ಲಿ, ಗಾಳಿ ಆಡುವ ಕಡೆ ಕೆಲಸ ಮಾಡಿ. ಹತ್ತಿರ ಮರಳಿನ ಬಕೆಟ್ ಇರಲಿ.
* ಟ್ಯಾಂಕ್ ಬಿಚ್ಚುವ ಮೊದಲು ಬ್ಯಾಟರಿ ತಂತಿ ಬಿಚ್ಚಿ.
* ಪೈಪ್ ಹಾಕಿ ಬಾಯಿಯಿಂದ ಡೀಸೆಲ್ ಎಳೆಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.
* ಮಕ್ಕಳನ್ನು ದೂರ ಇಡಿ.

ತಪ್ಪು ಒಪ್ಪಿಕೊಂಡ ಸಭೆ

ಮಂಗಳವಾರ ಮತ್ತೆ ಸಭೆ ಸೇರಿತು. ಮುನಿಯಮ್ಮನೇ ಮೊದಲು ಎದ್ದಳು.

“ವೆಂಕಟೇಶಾ, ತಪ್ಪಾಯ್ತಪ್ಪ. ಮುಳ್ಳು ನೋಡಿ ಮಾತಾಡಿಬಿಟ್ಟೆ. ನಿಮ್ಮಮ್ಮನ ಹತ್ರಾನೂ ನಾನೇ ಹೋಗಿ ಹೇಳ್ತೀನಿ” ಎಂದಳು. ಎಲ್ಲರೂ ನೋಡುವ ಹಾಗೆ ಅವನ ಕೈಗೆ ಗಾಡಿಯ ಕೀ ಕೊಟ್ಟಳು.

“ಆ ಪುಸ್ತಕ ಇಲ್ಲದೇ ಹೋಗಿದ್ರೆ ನಾನು ಈ ಊರಲ್ಲಿ ತಲೆ ಎತ್ತಿ ನಡೆಯೋ ಹಾಗಿರಲಿಲ್ಲ ಅಕ್ಕಾ” ಎಂದ ವೆಂಕಟೇಶ. “ಇನ್ನು ಮೇಲೆ ಪ್ರತಿದಿನ ಮೀಟರ್ ನಂಬರ್ ನಾನೇ ಬಂದು ಹೇಳ್ತೀನಿ.”

ಲಕ್ಷ್ಮಕ್ಕ ಹೇಳಿದಳು: “ಅವನು ನಿಜವಾಗಿ ಕದ್ದಿದ್ರೂ ಪುಸ್ತಕ ಹೇಳ್ತಿತ್ತು. ಕದಿಯದೇ ಇದ್ದದ್ದನ್ನೂ ಪುಸ್ತಕವೇ ಹೇಳಿತು. ಅದಕ್ಕೆ ನಮ್ಮವರು, ಬೇರೆಯವರು ಅಂತ ಇಲ್ಲ.”

ಅಂದು ಸಂಘ ಮೂರು ತೀರ್ಮಾನ ಬರೆಯಿತು.

1. ಡೀಸೆಲ್ ಹಾಕಿಸಿದಾಗಲೆಲ್ಲ ತಾರೀಕು, ಲೀಟರು, ಕಿ.ಮೀ., ಮುಳ್ಳು ನಿಂತ ಜಾಗ ಬರೆಯಬೇಕು.
2. ತಿಂಗಳಿಗೆ ಒಂದು ಸಲ ಟ್ಯಾಂಕ್ ಪೂರ್ತಿ ತುಂಬಿಸಿ ಲೆಕ್ಕ ತಾಳೆ ನೋಡಬೇಕು.
3. ಲೆಕ್ಕ ನೋಡದೆ ಯಾರ ಮೇಲೂ ಅಪವಾದ ಹೊರಿಸಬಾರದು.

15 ಮಂದಿಯೂ ಸಹಿ ಹಾಕಿದರು. ಹೆಬ್ಬೆಟ್ಟು ಒಂದೂ ಇರಲಿಲ್ಲ.

ಅಭ್ಯಾಸ

ಹೊಸ ಪದಗಳು. ಓದಿ, ಬರೆಯಿರಿ:
ಟ್ಯಾಂಕ್, ಬುರುಡೆ, ತಂತಿ, ಸುರುಳಿ, ತುಕ್ಕು, ಬ್ಯಾಟರಿ, ಅಪವಾದ, ತೀರ್ಮಾನ

ಬಿಟ್ಟ ಜಾಗ ತುಂಬಿರಿ:
1. ಡೀಸೆಲ್ ಮೇಲೆ ತೇಲುವುದು ______.
2. ‘ಇ’ ಅಂದರೆ ______. ‘ಎಫ್’ ಅಂದರೆ ______.
3. ಟ್ಯಾಂಕ್ ಬಿಚ್ಚುವ ಮೊದಲು ______ ತಂತಿ ಬಿಚ್ಚಬೇಕು.

ಉತ್ತರ ಹೇಳಿ:
1. ಮುನಿಯಮ್ಮ ವೆಂಕಟೇಶನ ಮೇಲೆ ಏಕೆ ಅನುಮಾನ ಪಟ್ಟಳು?
2. ಡೀಸೆಲ್ ಕಳುವಾಗಿಲ್ಲ ಎಂದು ಬಂಕಿನಲ್ಲಿ ಹೇಗೆ ಗೊತ್ತಾಯಿತು?
3. ಬಾಷಣ್ಣ ಟ್ಯಾಂಕ್ ಯೂನಿಟ್ಟನ್ನು ಕೊನೆಗೆ ಏಕೆ ಬಿಚ್ಚಿದ?

ಲೆಕ್ಕ ಮಾಡಿ:
ಒಂದು ಗಾಡಿ ಲೀಟರಿಗೆ 10 ಕಿ.ಮೀ. ಓಡುತ್ತದೆ. ಟ್ಯಾಂಕ್ 45 ಲೀಟರ್ ಹಿಡಿಯುತ್ತದೆ. ಫುಲ್ ಮಾಡಿಸಿದ ಮೇಲೆ 50 ಕಿ.ಮೀ. ದಾರಿಯನ್ನು 4 ಸಲ ಓಡಿತು. ಎಷ್ಟು ಲೀಟರ್ ಖರ್ಚಾಯಿತು? ಎಷ್ಟು ಉಳಿಯಿತು?
(ಉತ್ತರ: 20 ಲೀಟರ್ ಖರ್ಚು. 25 ಲೀಟರ್ ಉಳಿಕೆ.)

ಕೂಡಿ ಮಾತಾಡಿ:
ಲೆಕ್ಕ ಬರೆದಿಡದೆ ನಿಮ್ಮ ಊರಿನಲ್ಲಿ ಯಾರ ಮೇಲಾದರೂ ಸುಳ್ಳು ಅಪವಾದ ಬಂದದ್ದು ಉಂಟೇ? ಆಗ ಏನು ಬರೆದಿಟ್ಟಿದ್ದರೆ ಸತ್ಯ ಗೊತ್ತಾಗುತ್ತಿತ್ತು?